ಮಿನಿ ಟ್ರ್ಯಾಕ್ಟರ್: ಎಚ್‌ಪಿ ಒಂದನ್ನೇ ನೋಡಿದರೆ ಲೆಕ್ಕ ತಪ್ಪುವುದೇಕೆ?

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಟ್ರ್ಯಾಕ್ಟರ್ ಟೈರುಗಳ ಮೇಲಿದ್ದ ಶೇ 18ರ ತೆರಿಗೆಯೂ ಶೇ 5ಕ್ಕೆ ಬಂದಿತು. ತೋಟಕ್ಕೆ ಆಳು ಸಿಗದೆ ಬೇಸತ್ತ ಸಣ್ಣ ಹಿಡುವಳಿದಾರರು ಅಲ್ಲಿಂದಾಚೆಗೆ ಮಿನಿ ಟ್ರ್ಯಾಕ್ಟರ್ ಷೋರೂಮುಗಳತ್ತ ಕಣ್ಣು ಹಾಯಿಸುತ್ತಿದ್ದಾರೆ. ಆದರೆ ಅಲ್ಲಿ ಕಾಲಿಟ್ಟ ಕೂಡಲೇ ಎದುರಾಗುವುದು ಅಂಕಿಗಳ ಗೋಜಲು. ಒಂದು 15 ಎಚ್‌ಪಿ, ಇನ್ನೊಂದು 21, ಮತ್ತೊಂದು 27. ಒಂದಕ್ಕೆ ಒಂದೇ ಸಿಲಿಂಡರ್, ಪಕ್ಕದ್ದಕ್ಕೆ ಮೂರು. ಬೆಲೆ ಸುಮಾರು ಮೂರು ಲಕ್ಷದಿಂದ ಆರು ಲಕ್ಷ ದಾಟುವವರೆಗೆ ಹರಡಿಕೊಂಡಿದೆ. ಹೆಚ್ಚು ಎಚ್‌ಪಿ ಇದ್ದರೆ ಹೆಚ್ಚು ಕೆಲಸ, ಕಡಿಮೆ ಬೆಲೆ ಇದ್ದರೆ ಹೆಚ್ಚು ಲಾಭ ಎಂಬ ಸರಳ ಲೆಕ್ಕ ಇಲ್ಲಿ ಕೈಕೊಡುತ್ತದೆ. ಯಾಕೆ ಎನ್ನುವುದನ್ನು ಬುಡದಿಂದ ನೋಡೋಣ.

ಮಿನಿ ಎಂದರೆ ಎಷ್ಟು ಚಿಕ್ಕದು?

ಮಿನಿ ಎಂಬುದಕ್ಕೆ ಕಂಪನಿಗಳೆಲ್ಲ ಒಪ್ಪಿದ ಒಂದೇ ಗೆರೆಯಿಲ್ಲ. ಬಳಕೆಯಲ್ಲಿ ಸುಮಾರು 30 ಎಚ್‌ಪಿಗಿಂತ ಕಡಿಮೆ ಶಕ್ತಿಯ, ಮೂರೂವರೆ ನಾಲ್ಕು ಅಡಿ ಅಗಲದೊಳಗಿನ, ಒಂದು ಟನ್ನಿನ ಆಚೀಚೆ ತೂಗುವ ಟ್ರ್ಯಾಕ್ಟರನ್ನು ಹಾಗೆ ಕರೆಯುತ್ತಾರೆ. ಬಯಲುಸೀಮೆಯ ಹೊಲಗಳಲ್ಲಿ ನಾವು ನೋಡುವ 40-50 ಎಚ್‌ಪಿಯ ಟ್ರ್ಯಾಕ್ಟರ್ ಇದರ ಎರಡು ಪಟ್ಟು ತೂಗುತ್ತದೆ.

ಈ ಗಾತ್ರದ ಯಂತ್ರಗಳ ತಂತ್ರಜ್ಞಾನದಲ್ಲಿ ಜಪಾನಿನ ಪಾಲು ದೊಡ್ಡದು. ಅಲ್ಲಿಯೂ ಹಿಡುವಳಿಗಳು ಚಿಕ್ಕವು, ಗದ್ದೆಗಳು ಇಕ್ಕಟ್ಟು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದಲೇ ಟಿಲ್ಲರ್ (ಹಿಂದೆ ನಡೆಯುತ್ತ ಉಳುವ ಯಂತ್ರ) ಮತ್ತು ಸಣ್ಣ ಟ್ರ್ಯಾಕ್ಟರ್ ತಯಾರಿಗೆ ಇಳಿದದ್ದು. ಕುಬೋಟ ಕಂಪನಿ ಮೂಲತಃ ಜಪಾನಿನದು. ಮಹೀಂದ್ರ 2023ರ ಆಗಸ್ಟಿನಲ್ಲಿ ಹೊರತಂದ ‘ಓಜಾ’ ಸರಣಿಯೂ ಜಪಾನಿನ ತನ್ನ ಅಂಗಸಂಸ್ಥೆಯ ಜೊತೆ ಸೇರಿ ರೂಪಿಸಿದ್ದು. ತಯಾರಾಗುವುದು ತೆಲಂಗಾಣದ ಜಹೀರಾಬಾದಿನಲ್ಲಿ. ಇನ್ನೊಂದು ಕವಲು ಗುಜರಾತಿನದು: ಹತ್ತಿ, ಶೇಂಗಾ ಸಾಲುಗಳ ನಡುವೆ ಎಡೆ ಹೊಡೆಯಲು ಸೌರಾಷ್ಟ್ರದ ರೈತರು ಕೇಳಿದ ಕಿರಿದಾದ, ಅಗ್ಗದ ಯಂತ್ರ. ಈ ಎರಡು ಬೇರುಗಳ ಗುಣ ಇಂದಿಗೂ ಬೇರೆಯೇ. ಜಪಾನಿ ಮಾದರಿಗಳಲ್ಲಿ ಸಾಮಾನ್ಯವಾಗಿ ಮೂರು ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಚಾಲನೆ, ಕಡಿಮೆ ಅದುರು, ಹೆಚ್ಚು ಬೆಲೆ. ಗುಜರಾತಿ ಬಗೆಯದರಲ್ಲಿ ಒಂದೇ ಸಿಲಿಂಡರ್, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಚಾಲನೆ, ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಕೂಡಿಸಬಹುದಾದ ಸರಳ ಎಂಜಿನ್.

ಯೂಟ್ಯೂಬಿನಲ್ಲಿ ಕಾಣುವ ಅಮೆರಿಕದ ‘ಕಾಂಪ್ಯಾಕ್ಟ್’ ಟ್ರ್ಯಾಕ್ಟರುಗಳನ್ನು ಇದರ ಜೊತೆ ಹೋಲಿಸಬೇಡಿ. ಅವುಗಳಲ್ಲಿ ಮುಂದೆ ಮಣ್ಣೆತ್ತುವ ಲೋಡರ್ ಇರುತ್ತದೆ, ಗೇರ್ ಬದಲಿಗೆ ಪೆಡಲ್ ಒತ್ತಿದರೆ ಸಾಗುವ ಹೈಡ್ರೋಸ್ಟ್ಯಾಟಿಕ್ ವ್ಯವಸ್ಥೆ ಇರುತ್ತದೆ. ಅಲ್ಲಿನ ಬಳಕೆ ಹುಲ್ಲು ಕತ್ತರಿಸುವುದು, ಹಿಮ ತಳ್ಳುವುದು. ನಮ್ಮಲ್ಲಿ ಮಾರಾಟವಾಗುವುದು ಉಳುಮೆಯ ಯಂತ್ರ.

ಎಂಜಿನ್ನಿನ ಎಚ್‌ಪಿ ಬೇರೆ, ಕೆಲಸಕ್ಕೆ ಸಿಗುವ ಎಚ್‌ಪಿ ಬೇರೆ

ಎಚ್‌ಪಿ ಅಥವಾ ಅಶ್ವಶಕ್ತಿ ಎಂದರೆ ಕೆಲಸ ಮಾಡುವ ವೇಗದ ಅಳತೆ. 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತಿದರೆ ಅದು ಒಂದು ಎಚ್‌ಪಿ. ಬಾನೆಟ್ ಮೇಲೆ ಬರೆದಿರುವುದು, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಎಂಜಿನ್ನಿನ ಎಚ್‌ಪಿ. ಮಣ್ಣು ಪುಡಿ ಮಾಡುವ ರೋಟಾವೇಟರ್ ತಿರುಗಿಸುವುದು, ಔಷಧಿ ಸಿಂಪಡಿಸುವ ಪಂಪು ಓಡಿಸುವುದು ಅದಲ್ಲ. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಹಲ್ಲುಗಳುಳ್ಳ ಗಿಡ್ಡ ದಂಡವೊಂದು ಹೊರಚಾಚಿರುತ್ತದೆ. ಅದರ ಹೆಸರು ಪಿಟಿಒ. ಉಪಕರಣಗಳು ಶಕ್ತಿ ಪಡೆಯುವುದು ಈ ದಂಡದಿಂದ. ಎಂಜಿನ್ನಿನಿಂದ ಅಲ್ಲಿಗೆ ತಲುಪುವಷ್ಟರಲ್ಲಿ ಗೇರುಗಳ ತಿಕ್ಕಾಟ, ಎಣ್ಣೆ ಪಂಪು ಮುಂತಾದವು ತಮ್ಮ ಪಾಲು ಕಡಿದುಕೊಂಡಿರುತ್ತವೆ. ಕಾಗದದ ಮೇಲಿನ ಸಂಬಳಕ್ಕೂ, ಪಿಎಫ್, ತೆರಿಗೆ ಎಲ್ಲ ಕಳೆದು ಬ್ಯಾಂಕ್ ಖಾತೆಗೆ ಬೀಳುವ ಹಣಕ್ಕೂ ಇರುವ ಅಂತರವೇ ಇಲ್ಲಿಯೂ ಇರುವುದು. ಮನೆ ನಡೆಯುವುದು ಎರಡನೆಯದರಿಂದ.

ಈ ಕಡಿತ ಎಲ್ಲ ಟ್ರ್ಯಾಕ್ಟರುಗಳಲ್ಲಿ ಒಂದೇ ಪ್ರಮಾಣದಲ್ಲಿಲ್ಲ. ಕಂಪನಿಗಳ ವಿವರಪಟ್ಟಿಯನ್ನೇ ನೋಡಿ. ಕುಬೋಟದ ನಿಯೋಸ್ಟಾರ್ ಎ211ಎನ್ ಮಾದರಿಯ ಎಂಜಿನ್ 21 ಎಚ್‌ಪಿ, ಪಿಟಿಒದಲ್ಲಿ ಸಿಗುವುದು ಸುಮಾರು 15.4. ಮಹೀಂದ್ರ ಜೀವೋ 225ರ ಎಂಜಿನ್ 20 ಎಚ್‌ಪಿ, ಪಿಟಿಒದಲ್ಲಿ ಸುಮಾರು 18.4. ಎಂಜಿನ್ ಲೆಕ್ಕದಲ್ಲಿ ಒಂದು ಎಚ್‌ಪಿ ಮುಂದಿರುವ ಯಂತ್ರ, ರೋಟಾವೇಟರ್ ಕಟ್ಟಿದ ಕೂಡಲೇ ಮೂರು ಎಚ್‌ಪಿ ಹಿಂದೆ ಬೀಳುತ್ತದೆ. ಹಾಗೆಂದು ಮೊದಲನೆಯದು ಕೆಟ್ಟದ್ದು ಎಂದಲ್ಲ. ಅದರ ಮೂರು ಸಿಲಿಂಡರಿನ ಎಂಜಿನ್ ನಯವಾಗಿ ಓಡುತ್ತದೆ, ದಿನವಿಡೀ ಕೂತು ಓಡಿಸುವವನ ಬೆನ್ನಿಗೆ ಅದರ ಬೆಲೆ ಗೊತ್ತಾಗುತ್ತದೆ. ಎರಡನ್ನು ತಕ್ಕಡಿಗೆ ಹಾಕುವಾಗ ತೂಗಬೇಕಾದದ್ದು ಪಿಟಿಒ ಎಚ್‌ಪಿಯನ್ನು ಎಂಬುದಷ್ಟೇ ಇಲ್ಲಿನ ಮಾತು.

ಪಿಟಿಒ ಜೊತೆಗೆ 540 ಎಂಬ ಸಂಖ್ಯೆ ಸದಾ ಬರುತ್ತದೆ. ಆ ದಂಡ ನಿಮಿಷಕ್ಕೆ 540 ಸುತ್ತು ತಿರುಗಬೇಕು ಎಂಬುದು ಉಪಕರಣ ತಯಾರಕರೆಲ್ಲ ಒಪ್ಪಿಕೊಂಡ ಅಳತೆ. ಸಾಮಾನ್ಯವಾಗಿ ಎಂಜಿನ್ ಜೋರಾಗಿ ಓಡಿದಾಗ ಮಾತ್ರ ದಂಡ ಈ ವೇಗ ಮುಟ್ಟುತ್ತದೆ. ಕೆಲವು ಮಾದರಿಗಳಲ್ಲಿ ‘540ಇ’ ಎಂಬ ಎರಡನೇ ಆಯ್ಕೆ ಇರುತ್ತದೆ. ಇದರಲ್ಲಿ ಎಂಜಿನ್ ನಿಧಾನವಾಗಿ ಓಡುತ್ತಿದ್ದರೂ ದಂಡ ಅದೇ 540ರಲ್ಲಿ ತಿರುಗುತ್ತದೆ. ಹಗುರ ಕೆಲಸಗಳಲ್ಲಿ, ಅಂದರೆ ಸಿಂಪಡಣೆ, ಸಣ್ಣ ಪಂಪು ಇಂಥವುಗಳಲ್ಲಿ, ಡೀಸೆಲ್ ಉಳಿಯುತ್ತದೆ. ವಿಜಯಪುರದ ದ್ರಾಕ್ಷಿ ಬೆಳೆಗಾರನಿಗೆ ಹಂಗಾಮಿನಲ್ಲಿ ಸಿಂಪಡಣೆಯೇ ಮುಖ್ಯ ಕೆಲಸ, ಆದ್ದರಿಂದ ಈ ಸೌಲಭ್ಯ ಅವನಿಗೆ ದುಡ್ಡು. ವರ್ಷಕ್ಕೆ ಎರಡು ಬಾರಿ ಉತ್ತು ಸುಮ್ಮನಾಗುವವನಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ.

ತೂಕವೂ ಒಂದು ಸಾಮರ್ಥ್ಯ

ಎಂಜಿನ್ನಿನಲ್ಲಿ ಎಷ್ಟೇ ಶಕ್ತಿ ಇದ್ದರೂ ಅದನ್ನು ನೆಲಕ್ಕೆ ದಾಟಿಸುವುದು ಟೈರು. ಟೈರು ನೆಲವನ್ನು ಕಚ್ಚಿ ಹಿಡಿಯಲು ಮೇಲಿನಿಂದ ಭಾರ ಬೇಕು. ಸಡಿಲ ಮಣ್ಣಿನಲ್ಲಿ ಟ್ರ್ಯಾಕ್ಟರ್ ತನ್ನ ತೂಕದ ಅರ್ಧದಷ್ಟು ಬಲದಿಂದ ಎಳೆದರೆ ಅದೇ ಹೆಚ್ಚು. ಹಸಿಯಾದ ಎರೆ ಮಣ್ಣಿನಲ್ಲಿ ಇನ್ನೂ ಕಡಿಮೆ. ಮಹೀಂದ್ರ ಯುವರಾಜ್ 215ರಂಥ 15 ಎಚ್‌ಪಿ ಯಂತ್ರದ ತೂಕ ಸುಮಾರು 780 ಕಿಲೋ. ಇದಕ್ಕೆ ಆಳವಾಗಿ ಇಳಿಯುವ ಎರಡು ತಾಳಿನ ನೇಗಿಲು ಕಟ್ಟಿ ಗಟ್ಟಿ ನೆಲ ಸೀಳಲು ಹೊರಟರೆ ಎಂಜಿನ್ ಸೋಲುವ ಮೊದಲೇ ಚಕ್ರ ನಿಂತಲ್ಲೇ ಸುತ್ತತೊಡಗುತ್ತದೆ.

ಹಾಗಾದರೆ ಮಿನಿ ಟ್ರ್ಯಾಕ್ಟರ್ ಹಿಂದೆ ಸದಾ ರೋಟಾವೇಟರ್ ಕಾಣಲು ಕಾರಣವೇನು? ಗುಟ್ಟು ಅದರ ಅಲಗುಗಳು ತಿರುಗುವ ದಿಕ್ಕಿನಲ್ಲಿದೆ. ನೇಗಿಲು, ಕಲ್ಟಿವೇಟರ್‌ಗಳನ್ನು ಟ್ರ್ಯಾಕ್ಟರ್ ಎಳೆಯಬೇಕು. ರೋಟಾವೇಟರಿನ ಅಲಗುಗಳು ಚಕ್ರ ತಿರುಗುವ ದಿಕ್ಕಿನಲ್ಲೇ ತಿರುಗುತ್ತ ಮಣ್ಣನ್ನು ಹಿಂದಕ್ಕೆ ಒದೆಯುತ್ತವೆ, ಆ ಒದೆತವೇ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ಎಳೆತದಲ್ಲಿ ಸೋಲುವ ಹಗುರ ಯಂತ್ರ ಇದರಿಂದ ಗೆದ್ದುಬಿಡುತ್ತದೆ. ಆದರೆ ರೋಟಾವೇಟರ್ ಮೇಲ್ಪದರವನ್ನಷ್ಟೇ ಪುಡಿ ಮಾಡುತ್ತದೆ. ಎರೆಭೂಮಿಯಲ್ಲಿ ಬೇಸಿಗೆಯ ಆಳ ಉಳುಮೆ ಮಾಡಬೇಕೆನ್ನುವವನು ಆ ಒಂದು ಕೆಲಸಕ್ಕೆ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಸುವುದೇ ಸರಿ.

ನಾಲ್ಕು ಚಕ್ರಕ್ಕೂ ಚಾಲನೆ ಇದ್ದರೆ ಯಂತ್ರದ ಪೂರ್ತಿ ತೂಕ ಹಿಡಿತಕ್ಕೆ ಒದಗುತ್ತದೆ, ಎರಡು ಚಕ್ರದ್ದರಲ್ಲಿ ಮುಂದಿನ ಭಾರ ವ್ಯರ್ಥ. ಬೆಲೆಯಲ್ಲಿ ಸಾಕಷ್ಟು ವ್ಯತ್ಯಾಸವಿದೆ, ಆದರೂ ಕೆಸರುಗದ್ದೆ, ಮಲೆನಾಡಿನ ಏರುತಗ್ಗು, ನೀರು ನಿಲ್ಲುವ ತೋಟ ಇರುವವರಿಗೆ ಇದು ಷೋಕಿಯಲ್ಲ, ಅಗತ್ಯ. ಒಣ ಮಸಾರಿ ನೆಲದಲ್ಲಿ ಎಡೆ ಹೊಡೆಯುವವರು ಎರಡು ಚಕ್ರದ್ದರಲ್ಲೇ ದಿನ ದೂಡಬಹುದು.

ಇನ್ನು ಎತ್ತುವ ಸಾಮರ್ಥ್ಯ. ಹಿಂಬದಿಯ ಮೂರು ತೋಳುಗಳು ಹೈಡ್ರಾಲಿಕ್ ಬಲದಿಂದ ಉಪಕರಣವನ್ನು ಮೇಲೆತ್ತುತ್ತವೆ. ಮಿನಿ ಟ್ರ್ಯಾಕ್ಟರುಗಳ ವಿವರಪಟ್ಟಿಯಲ್ಲಿ ಇದು ಬಹುಪಾಲು 500ರಿಂದ 950 ಕಿಲೋ ಎಂದಿರುತ್ತದೆ. ಇದು ತೋಳಿನ ತುದಿಯಲ್ಲಿ ಅಳೆದದ್ದೋ, ತುದಿಯಿಂದ 610 ಮಿಲಿಮೀಟರ್ ಹಿಂದೆ ಅಳೆದದ್ದೋ ಎಂದು ಕೇಳಬೇಕು. ಸರಕಾರಿ ಪರೀಕ್ಷೆಗಳಲ್ಲಿ ಎರಡನೆಯದನ್ನೂ ಅಳೆಯುತ್ತಾರೆ. ಉಪಕರಣದ ಭಾರ ನಿಜವಾಗಿ ಕೂರುವುದು ಹಿಂದಕ್ಕೇ ಆದ್ದರಿಂದ ಆ ಸಂಖ್ಯೆಯೇ ಹೆಚ್ಚು ನಂಬಿಕಸ್ತ.

ಎತ್ತುವ ಬಲಕ್ಕಿಂತ ಮೊದಲೇ ಇನ್ನೊಂದು ಮಿತಿ ಅಡ್ಡ ಬರುತ್ತದೆ. 780 ಕಿಲೋ ಯಂತ್ರದ ಮುಂದಿನ ಚಕ್ರಗಳ ಮೇಲೆ ಸುಮಾರು 310 ಕಿಲೋ ಭಾರ ಇರುತ್ತದೆ ಎಂದುಕೊಳ್ಳಿ. ಹಿಂದಿನ ಅಚ್ಚಿನಿಂದ ಮೂರು ಅಡಿ ಆಚೆ 250 ಕಿಲೋ ರೋಟಾವೇಟರ್ ನೇತಾಡಿದಾಗ, ಮುಂಭಾಗದ ಸುಮಾರು 155 ಕಿಲೋ ಭಾರ ಮಾಯವಾಗುತ್ತದೆ. ಅಂದರೆ ಸ್ಟೀರಿಂಗ್ ಚಕ್ರಗಳು ಅರ್ಧ ಭಾರದಲ್ಲಿ ನೆಲದ ಮೇಲಿವೆ. ಈ ಸ್ಥಿತಿಯಲ್ಲಿ ಬದು ಹತ್ತಿಸುವಾಗ ಕ್ಲಚ್ ಫಕ್ಕನೆ ಬಿಟ್ಟರೆ ಮೂತಿ ಗೇಣುದ್ದ ಮೇಲೇಳುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗುವುದಿಲ್ಲ. ಬಂಪರಿಗೆ ಕಬ್ಬಿಣದ ತೂಕದ ತುಂಡುಗಳನ್ನು ನೇತುಹಾಕುವುದು ಇದಕ್ಕಾಗಿಯೇ. ಅವನ್ನು ‘ಸುಮ್ಮನೆ ಭಾರ’ ಎಂದು ಬಿಚ್ಚಿಟ್ಟವರೇ ಹೆಚ್ಚು.

ನಿಮ್ಮ ಸಾಲಿನಲ್ಲಿ ಹಿಡಿಯುತ್ತದೆಯೇ?

ಅಡಿಕೆಗೆ ಶಿಫಾರಸಾದ ಅಂತರ ಗಿಡದಿಂದ ಗಿಡಕ್ಕೆ 9 ಅಡಿ. ಕಾಂಡದ ದಪ್ಪ, ಪಕ್ಕದಲ್ಲಿರುವ ಹನಿ ನೀರಾವರಿ ಪೈಪು, ನಡುವೆ ಹಾಕಿದ ಬಾಳೆ, ಕಾಂಡಕ್ಕೆ ಹಬ್ಬಿದ ಮೆಣಸು ಎಲ್ಲ ಕಳೆದರೆ ಯಂತ್ರಕ್ಕೆ ಉಳಿಯುವುದು ಐದಾರು ಅಡಿ. ಮೂರೂವರೆ ಅಡಿಯ ಟ್ರ್ಯಾಕ್ಟರ್ ಇಲ್ಲಿ ಓಡಾಡುತ್ತದೆ. ತಿರುಗಿಸಲು ಸಾಲಿನ ತುದಿಯಲ್ಲಿ ಜಾಗವಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಸಾಲಿಗೊಂದು ಬಸಿಗಾಲುವೆ ಇರುವ ಮಲೆನಾಡಿನ ಹಳೆಯ ತೋಟಗಳಲ್ಲಿ ಯಾವ ಟ್ರ್ಯಾಕ್ಟರೂ ನೆಮ್ಮದಿಯಿಂದ ಓಡದು. ದಾಳಿಂಬೆ, ದ್ರಾಕ್ಷಿ ತೋಟಗಳಲ್ಲಿ ಅಗಲಕ್ಕಿಂತ ಎತ್ತರ ತೊಡಕು. ಮೇಲಕ್ಕೆ ಚಾಚಿದ ಹೊಗೆ ಕೊಳವೆ ಹಂದರದ ತಂತಿಗೋ ಕಾಯಿಗೋ ತಗಲುತ್ತದೆ. ಹೊಗೆ ಕೊಳವೆಯನ್ನು ಕೆಳಗಿಟ್ಟ ಮಾದರಿಗಳನ್ನು ‘ಆರ್ಚರ್ಡ್’ ಅಥವಾ ‘ನ್ಯಾರೋ’ ಹೆಸರಿನಲ್ಲಿ ಮಾರುವುದು ಈ ಕಾರಣಕ್ಕೆ.

ಕಿರಿದಾಗುತ್ತ ಹೋದಂತೆ ಪಕ್ಕಕ್ಕೆ ಉರುಳುವ ಅಪಾಯ ಹೆಚ್ಚುತ್ತದೆ. ಹಿಂದಿನ ಚಕ್ರಗಳನ್ನು ತಿರುಗಿಸಿ ಜೋಡಿಸಿದರೆ ಅವುಗಳ ನಡುವಿನ ಅಂತರ ಹೆಚ್ಚು ಕಡಿಮೆ ಮಾಡುವ ಸೌಲಭ್ಯ ಬಹುತೇಕ ಮಾದರಿಗಳಲ್ಲಿದೆ. ಇಳಿಜಾರಿನಲ್ಲಿ ಕೆಲಸವಿದ್ದಾಗ ಅಗಲಿಸಿಕೊಳ್ಳುವುದು ಕ್ಷೇಮ. ಕಾಫಿ ಸೀಮೆಯ ಇಳುಕಲಿನಲ್ಲಿ ಟ್ರೈಲರ್ ತುಂಬ ಗೊಬ್ಬರ ಹೇರಿಕೊಂಡು ಇಳಿಯುವುದಂತೂ ಬೇರೆ ಅಧ್ಯಾಯ: ಯಂತ್ರಕ್ಕಿಂತ ಭಾರವಾದ ಟ್ರೈಲರ್ ಹಿಂದಿನಿಂದ ಒತ್ತಿಕೊಂಡು ಬಂದಾಗ ಹಗುರ ಟ್ರ್ಯಾಕ್ಟರಿನ ಬ್ರೇಕಿಗೆ ಅದನ್ನು ತಡೆಯುವ ತೂಕವಿರುವುದಿಲ್ಲ.

ಗಂಟೆಗೆ ಎಷ್ಟು ಗುಂಟೆ?

ಸಾಮರ್ಥ್ಯವನ್ನು ರೈತನ ಭಾಷೆಗೆ ಇಳಿಸಿದರೆ ಬರುವ ಪ್ರಶ್ನೆ ಇದು. ಲೆಕ್ಕ ಸುಲಭ: ಉಪಕರಣದ ಅಗಲವನ್ನು ವೇಗದಿಂದ ಗುಣಿಸಿ, ತಿರುವು, ನಿಲುಗಡೆಗಳಿಗೆಂದು ಐದರಲ್ಲಿ ಒಂದು ಪಾಲು ಕಳೆಯಿರಿ.

ಸುಮಾರು 15 ಎಚ್‌ಪಿ ಯಂತ್ರ ಮೂರು ಅಡಿಯ ರೋಟಾವೇಟರನ್ನು ಗಂಟೆಗೆ ಎರಡೂವರೆ ಕಿಲೋಮೀಟರ್ ವೇಗದಲ್ಲಿ ಒಯ್ದರೆ ಗಂಟೆಗೆ ಹತ್ತಿರ ಹತ್ತಿರ 18 ಗುಂಟೆ. ಎಕರೆಗೆ ಎರಡೂಕಾಲು ಗಂಟೆ. 24-27 ಎಚ್‌ಪಿಯದು ನಾಲ್ಕು ಅಡಿಯದನ್ನು ಅದೇ ವೇಗದಲ್ಲಿ ಓಡಿಸಿದರೆ ಗಂಟೆಗೆ ಸುಮಾರು 24 ಗುಂಟೆ, ಎಕರೆಗೆ ಒಂದು ಗಂಟೆ ನಲವತ್ತು ನಿಮಿಷ. 45 ಎಚ್‌ಪಿಯ ದೊಡ್ಡದು ಆರು ಅಡಿಯದನ್ನು ಮೂರು ಕಿಲೋಮೀಟರ್ ವೇಗದಲ್ಲಿ ಎಳೆದರೆ ಗಂಟೆಯೊಳಗೇ ಒಂದು ಎಕರೆ ಮುಗಿದು ಮೂರು ಗುಂಟೆ ಹೆಚ್ಚಾಗುತ್ತದೆ.

ಬಾಡಿಗೆ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಮಿನಿಗೆ ಗಂಟೆಗೆ 900 ರೂಪಾಯಿ, ದೊಡ್ಡದಕ್ಕೆ 1,200 ಎಂದುಕೊಳ್ಳಿ. ಮಿನಿ ಅಗ್ಗ ಎನಿಸುತ್ತದೆ. ಎಕರೆಗೆ ಇಳಿಸಿದರೆ ಮಿನಿಗೆ ಸುಮಾರು 1,500, ದೊಡ್ಡದಕ್ಕೆ 1,115. ಬಯಲು ಹೊಲದಲ್ಲಿ ದೊಡ್ಡದೇ ಅಗ್ಗ. ದೊಡ್ಡದು ಒಳಗೆ ಕಾಲಿಡಲಾರದ ತೋಟದಲ್ಲಿ ಮಾತ್ರ ಮಿನಿಯ ಬೆಲೆಗೆ ಅರ್ಥ. ಅಲ್ಲಿ ಅದಕ್ಕೆ ಪೈಪೋಟಿ ಕೊಡುವುದು ಟಿಲ್ಲರ್ ಮತ್ತು ಆಳು, ಇನ್ನೊಂದು ಟ್ರ್ಯಾಕ್ಟರ್ ಅಲ್ಲ.

ಷೋರೂಂ ಬೆಲೆಯಿಂದ ಮನೆ ಬಾಗಿಲವರೆಗೆ

ಚಿಕ್ಕ ಯಂತ್ರಕ್ಕೆ ಪ್ರತಿ ಎಚ್‌ಪಿಗೆ ಹೆಚ್ಚು ಹಣ ತೆರಬೇಕು. ಮಹೀಂದ್ರ ಓಜಾ ಬಿಡುಗಡೆಯಾದಾಗ ಪುಣೆಯ ಷೋರೂಂ ಬೆಲೆ 27 ಎಚ್‌ಪಿಯ 2127 ಮಾದರಿಗೆ 5,64,500 ರೂಪಾಯಿ, 40 ಎಚ್‌ಪಿಯ 3140 ಮಾದರಿಗೆ 7,35,000 ಎಂದಿತ್ತು. ಭಾಗಿಸಿದರೆ ಚಿಕ್ಕದಕ್ಕೆ ಎಚ್‌ಪಿಗೆ ಸುಮಾರು 20,900, ದೊಡ್ಡದಕ್ಕೆ ಸುಮಾರು 18,400. ಸ್ಟೀರಿಂಗ್, ಗೇರ್‌ಪೆಟ್ಟಿಗೆ, ಹೈಡ್ರಾಲಿಕ್ ಪಂಪು, ಆಸನ, ದೀಪ ಎರಡಕ್ಕೂ ಬೇಕೇ ಬೇಕು. ಎಂಜಿನ್ ಕುಗ್ಗಿದ ಪ್ರಮಾಣದಲ್ಲಿ ಅವುಗಳ ಖರ್ಚು ಕುಗ್ಗುವುದಿಲ್ಲ.

ಜಿಎಸ್‌ಟಿ ಇಳಿಕೆಯ ಪರಿಣಾಮವನ್ನೂ ಇಲ್ಲೇ ಲೆಕ್ಕ ಹಾಕಬಹುದು. ತೆರಿಗೆ ಸೇರದ ಬೆಲೆ ಐದು ಲಕ್ಷವಿದ್ದರೆ ಮೊದಲು 5,60,000 ಆಗುತ್ತಿತ್ತು, ಈಗ 5,25,000. ಉಳಿತಾಯ 35,000. ತೆರಿಗೆ ಏಳು ಅಂಶ ಇಳಿದರೂ ಕೊಳ್ಳುವವನ ಬಿಲ್ಲಿನಲ್ಲಿ ಇಳಿಯುವುದು ಶೇ 6.25, ಏಕೆಂದರೆ ಹಳೆಯ ಬಿಲ್ಲಿನೊಳಗೇ ತೆರಿಗೆಯೂ ಸೇರಿತ್ತು. ಹಳೆಯ ದರಪಟ್ಟಿ ಮುಂದಿಟ್ಟು ‘ರಿಯಾಯಿತಿ’ ತೋರಿಸುವ ಮಾರಾಟಗಾರರಿದ್ದರೆ ಈ ಗುಣಾಕಾರ ನೆನಪಿಡಿ.

ಷೋರೂಂ ಬೆಲೆಯ ಮೇಲೆ ಆರ್‌ಟಿಒ ನೋಂದಣಿ, ವಿಮೆ ಸೇರುತ್ತವೆ. ಆಮೇಲೆ ಉಪಕರಣಗಳು. ಟ್ರ್ಯಾಕ್ಟರ್ ತಾನೊಂದೇ ಬಂದರೆ ಮನೆ ಮುಂದೆ ನಿಲ್ಲಿಸಿಕೊಳ್ಳಬೇಕಷ್ಟೆ. ರೋಟಾವೇಟರ್, ಕಲ್ಟಿವೇಟರ್, ಟ್ರೈಲರ್ ಸೇರಿದರೆ ಒಂದೂವರೆ ಎರಡು ಲಕ್ಷ ಸಲೀಸಾಗಿ ಹೆಚ್ಚುತ್ತದೆ.

ಸಹಾಯಧನದ ಮಾತು. ಕರ್ನಾಟಕದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಎಂದು ಎಲ್ಲೆಡೆ ಕೇಳಿಬರುತ್ತದೆ. ಅದರ ಜೊತೆಗೇ ಪ್ರತಿ ಯಂತ್ರಕ್ಕೂ ಇಷ್ಟೇ ರೂಪಾಯಿ ಎಂಬ ಮೇಲ್ಮಿತಿಯೂ ಇದೆ. ಮಿನಿ ಟ್ರ್ಯಾಕ್ಟರಿನಂಥ ದುಬಾರಿ ವಸ್ತುವಿನಲ್ಲಿ ಶೇಕಡಾವಾರಿಗಿಂತ ಈ ಮಿತಿಯೇ ಅಂತಿಮ. ಸಹಾಯಧನ ಸಿಗುವುದು ಇಲಾಖೆಯ ಪಟ್ಟಿಯಲ್ಲಿರುವ ಮಾದರಿಗಳಿಗೆ, ಆ ವರ್ಷದ ಅನುದಾನ ಇರುವವರೆಗೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ಮಿತಿ ಎಷ್ಟು ಎಂದು ಮೊದಲೇ ಕೇಳಿ. ಅರ್ಜಿಗೆ ರೈತರ ನೋಂದಣಿ ಸಂಖ್ಯೆ, ಅಂದರೆ ಎಫ್‌ಐಡಿ, ಬೇಕು. ಮೊದಲು ಕೊಂಡು ಆಮೇಲೆ ಅರ್ಜಿ ಹಾಕುತ್ತೇನೆ ಎನ್ನುವವರು ಪೇಚಿಗೆ ಸಿಲುಕುತ್ತಾರೆ.

ಓಡದ ಗಂಟೆಗೂ ಖರ್ಚಿದೆ

ಟ್ರ್ಯಾಕ್ಟರಿನ ಖರ್ಚು ಎರಡು ಬಗೆ. ಓಡಿದರೆ ಮಾತ್ರ ಬರುವುದು: ಡೀಸೆಲ್, ಆಯಿಲ್, ರಿಪೇರಿ. ಓಡಲಿ ಬಿಡಲಿ ಬರುವುದು: ಸವಕಳಿ, ಹೂಡಿದ ಹಣದ ಬಡ್ಡಿ, ವಿಮೆ, ನಿಲ್ಲಿಸಲು ಮಾಡಿದ ಸೂರು. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ, ಆದರೆ ಕಡಿಮೆ ಓಡುವ ಯಂತ್ರದಲ್ಲಿ ದೊಡ್ಡದು ಅದೇ.

ಒಂದು ಉದಾಹರಣೆ ಕಟ್ಟೋಣ. ಟ್ರ್ಯಾಕ್ಟರ್, ರೋಟಾವೇಟರ್ ಸೇರಿ 6.5 ಲಕ್ಷ. ಹತ್ತು ವರ್ಷ ಬಳಸಿ ಎರಡು ಲಕ್ಷಕ್ಕೆ ಮಾರಿದಿರಿ. ವರ್ಷಕ್ಕೆ ಸವಕಳಿ 45,000. ಮೊದಲ ಮತ್ತು ಕೊನೆಯ ಬೆಲೆಗಳ ಸರಾಸರಿ 4.25 ಲಕ್ಷಕ್ಕೆ ಶೇ 10ರಂತೆ ಬಡ್ಡಿ 42,500. ವಿಮೆ, ಸೂರು ಇತ್ಯಾದಿಗೆ 10,000. ಒಟ್ಟು 97,500 ರೂಪಾಯಿ, ಯಂತ್ರ ಅಲುಗಾಡದೆ ನಿಂತರೂ. ಓಡಿದಾಗ ಗಂಟೆಗೆ ಎರಡೂವರೆ ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿಯಂತೆ 225, ಆಯಿಲ್, ರಿಪೇರಿಗೆ 75, ಕೂಡಿ 300. ಓಡಿಸುವವರು ನೀವೇ, ಕೂಲಿ ಹಿಡಿದಿಲ್ಲ.

ವರ್ಷಕ್ಕೆ 100 ಗಂಟೆ ಓಡಿದರೆ ಗಂಟೆಯ ಖರ್ಚು 1,275. ಮುನ್ನೂರು ಗಂಟೆ ಓಡಿದರೆ 625. ಐನೂರು ಗಂಟೆಯಾದರೆ 495. ಊರಿನ ಬಾಡಿಗೆ ಗಂಟೆಗೆ 900 ಇದ್ದರೆ, ವರ್ಷಕ್ಕೆ ಸುಮಾರು 163 ಗಂಟೆ ದಾಟಿದ ಮೇಲಷ್ಟೇ ಸ್ವಂತ ಯಂತ್ರ ಬಾಡಿಗೆಗಿಂತ ಅಗ್ಗ.

ಈಗ ಇದನ್ನು ಹಿಡುವಳಿಯ ಪಕ್ಕ ಇಟ್ಟು ನೋಡಿ. 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆಗಿಂತ ತುಸು ಹೆಚ್ಚು. ನಾಲ್ಕು ಅಡಿ ರೋಟಾವೇಟರಿನಲ್ಲಿ ಅಷ್ಟನ್ನೂ ವರ್ಷಕ್ಕೆ ನಾಲ್ಕು ಬಾರಿ ಹೊಡೆದರೂ ಆಗುವುದು ಸುಮಾರು 22 ಗಂಟೆ. ಉಳಿದ 140 ಗಂಟೆಯ ಕೆಲಸ ಸಿಂಪಡಣೆ, ಗೊಬ್ಬರ ಸಾಗಣೆ, ನೆರೆಹೊರೆಯ ಬಾಡಿಗೆ ಇವುಗಳಿಂದ ಬರಬೇಕು. ಬರುತ್ತದೆಯೇ ಎಂದು ಪಟ್ಟಿ ಮಾಡಿ ನೋಡಿದವರು ಕೊಂಡ ಮೇಲೆ ಕೊರಗುವುದು ಕಡಿಮೆ. ತೋಟಗಾರಿಕೆಯಲ್ಲಿ ಈ ಗಂಟೆಗಳು ತುಂಬುವ ಸಾಧ್ಯತೆ ಹೆಚ್ಚು, ಮಳೆಯಾಶ್ರಿತ ಒಂದೇ ಬೆಳೆಯಲ್ಲಿ ತೀರಾ ಕಡಿಮೆ. ಹದ ಮೀರುವ ಮುನ್ನ ಬಾಡಿಗೆ ಯಂತ್ರ ಸಿಗುವುದಿಲ್ಲ ಎಂಬ ತೊಂದರೆಯೂ ನಿಜವೇ. ಬಿತ್ತನೆ ಒಂದು ವಾರ ತಡವಾದರೆ ಆಗುವ ನಷ್ಟ ಈ ಲೆಕ್ಕದಲ್ಲಿ ಬರೆದಿಲ್ಲ, ಅದನ್ನು ನಿಮ್ಮ ಬೆಳೆ ನೋಡಿ ನೀವೇ ಸೇರಿಸಬೇಕು. ಸರಕಾರದ ನೆರವಿನ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರ ಹತ್ತಿರದಲ್ಲಿದ್ದರೆ ಅಲ್ಲಿನ ದರವನ್ನೂ ಹೋಲಿಕೆಗೆ ತನ್ನಿ.

ಸಾಲದ ಬಡ್ಡಿಯಲ್ಲಿ ಎರಡು ಭಾಷೆ

ನಾಲ್ಕು ಲಕ್ಷ ಸಾಲ, ಐದು ವರ್ಷ, ಬಡ್ಡಿ ಶೇ 9. ಒಬ್ಬರು ಇದನ್ನು ‘ಫ್ಲಾಟ್’ ಎನ್ನುತ್ತಾರೆ. ಆಗ ತೀರಿಸುತ್ತ ಬಂದರೂ ಬಡ್ಡಿ ಮೂಲ ನಾಲ್ಕು ಲಕ್ಷದ ಮೇಲೆಯೇ ಬೀಳುತ್ತದೆ: ವರ್ಷಕ್ಕೆ 36,000, ಐದು ವರ್ಷಕ್ಕೆ 1,80,000. ಇನ್ನೊಬ್ಬರು ಇಳಿಯುವ ಬಾಕಿಯ ಮೇಲೆ ಎನ್ನುತ್ತಾರೆ. ತಿಂಗಳ ಕಂತಿನಲ್ಲಿ ಕಟ್ಟಿದರೆ ಒಟ್ಟು ಬಡ್ಡಿ ಸುಮಾರು 98,000. ದರ ಒಂದೇ, ವ್ಯತ್ಯಾಸ ಎಂಬತ್ತು ಸಾವಿರದ ಮೇಲೆ. ಜಿಎಸ್‌ಟಿಯಲ್ಲಿ ಉಳಿದ 35,000 ಇಲ್ಲಿ ಎರಡು ಬಾರಿ ಹೋಯಿತು.

ಟಿಲ್ಲರ್ ಸಾಲದೇ?

13 ಎಚ್‌ಪಿ ಆಸುಪಾಸಿನ ಪವರ್ ಟಿಲ್ಲರ್ ಮಿನಿ ಟ್ರ್ಯಾಕ್ಟರಿಗಿಂತ ಬಹಳ ಅಗ್ಗ. ಕಾಲುವೆಯ ತೋಟಕ್ಕೂ, ಸಣ್ಣ ಗದ್ದೆಯ ಕೆಸರಿಗೂ ಇಳಿಯುತ್ತದೆ. ಆದರೆ ಬಹುಪಾಲು ಕೆಲಸದಲ್ಲಿ ಹಿಂದೆ ನಡೆಯಬೇಕು. ಎರಡೂವರೆ ಅಡಿ ಅಗಲದಲ್ಲಿ ಒಂದು ಎಕರೆ ಹೊಡೆಯುವಷ್ಟರಲ್ಲಿ ಐದು ಕಿಲೋಮೀಟರಿಗೂ ಮೀರಿ ನಡೆದಿರುತ್ತೀರಿ, ಅದೂ ಅದುರುವ ಹಿಡಿ ಹಿಡಿದು. ಐವತ್ತು ದಾಟಿದ ಬೆಳೆಗಾರರು ಕೂತು ಓಡಿಸುವ ಯಂತ್ರದತ್ತ ವಾಲುವುದಕ್ಕೆ ಇದೇ ಮುಖ್ಯ ಕಾರಣ.

ಕೊಳ್ಳುವ ಮುನ್ನ

ಮಧ್ಯಪ್ರದೇಶದ ಬುದ್ನಿಯಲ್ಲಿ ಟ್ರ್ಯಾಕ್ಟರುಗಳನ್ನು ಪರೀಕ್ಷಿಸುವ ಕೇಂದ್ರ ಸರಕಾರದ ಸಂಸ್ಥೆಯಿದೆ. ಪಿಟಿಒದಲ್ಲಿ ಸಿಕ್ಕ ಶಕ್ತಿ, ಗಂಟೆಗೆ ಕುಡಿದ ಡೀಸೆಲ್, 610 ಮಿಲಿಮೀಟರ್ ಹಿಂದೆ ಎತ್ತಿದ ಭಾರ, ಬ್ರೇಕು ಎಲ್ಲ ಅದರ ವರದಿಯಲ್ಲಿ ಇರುತ್ತವೆ. ಮಾರಾಟಗಾರರನ್ನು ಆ ವರದಿ ಕೇಳಿ. ಬಣ್ಣದ ಕರಪತ್ರಕ್ಕಿಂತ ಅದು ಮೇಲು.

ಡೆಮೊ ಕೇಳಿದರೆ ಷೋರೂಂ ಅಂಗಳದಲ್ಲಿ ಬೇಡ, ನಿಮ್ಮದೇ ನೆಲದಲ್ಲಿ ಮಾಡಿಸಿ. ನೀವು ಕೊಳ್ಳಲಿರುವ ಅಳತೆಯ ರೋಟಾವೇಟರನ್ನೇ ಕಟ್ಟಿಸಿ, ಪೂರ್ತಿ ಆಳಕ್ಕೆ ಇಳಿಸಿ, ಅತಿ ನಿಧಾನದ ಗೇರಿನಲ್ಲಿ ಒಂದು ಸಾಲು ಪೂರ್ತಿ ಹೋಗಿ. ಎಂಜಿನ್ನಿನ ಸದ್ದು ಕುಗ್ಗಿ ಕಪ್ಪು ಹೊಗೆ ಬಂದರೆ ಆ ರೋಟಾವೇಟರ್ ಆ ಯಂತ್ರಕ್ಕೆ ಒಂದಳತೆ ದೊಡ್ಡದು. ಹಿಂದಿನ ದಂಡದ ಮೇಲೆ ಪ್ಲಾಸ್ಟಿಕ್ ಕವಚ ಇದೆಯೇ ನೋಡಿ. ಪಂಚೆಯ ಅಂಚು, ಟವೆಲ್ಲಿನ ತುದಿ ತಿರುಗುವ ದಂಡಕ್ಕೆ ಸಿಕ್ಕರೆ ಕೈಯಿಂದ ಬಿಡಿಸುವಷ್ಟು ಸಮಯ ಇರುವುದಿಲ್ಲ.

ಹಳೆಯದನ್ನು ಕೊಳ್ಳುವವರು ಗಂಟೆ ತೋರಿಸುವ ಮೀಟರನ್ನು ಪೂರ್ತಿ ನಂಬಬೇಡಿ. ಮೀಟರ್ 600 ಗಂಟೆ ಎನ್ನುತ್ತದೆ, ಕ್ಲಚ್ ಪೆಡಲಿನ ಗೆರೆಗಳು ಸವೆದು ನುಣುಪಾಗಿವೆ, ಪಿಟಿಒ ದಂಡದ ಹಲ್ಲುಗಳು ಚೂಪಾಗಿವೆ ಎಂದರೆ ಸುಳ್ಳು ಹೇಳುತ್ತಿರುವುದು ಮೀಟರ್. ಸಾಲದಲ್ಲಿ ಕೊಂಡ ಟ್ರ್ಯಾಕ್ಟರಿನ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರೂ ಇರುತ್ತದೆ. ಅದನ್ನು ಆರ್‌ಟಿಒದಲ್ಲಿ ತೆಗೆಸಿಕೊಂಡು ಬರುವವರೆಗೆ ಮುಂಗಡ ಹಣ ಕೊಡಬೇಡಿ.